ಬೆಣ್ಣೆಗಾಲಿನವನ ಮೈಲೇಜು

ಕಾರು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಹಾಜರಿ ಗುಮಾಸ್ತ ಒಬ್ಬನೇ. ಮಿಕ್ಕವರ ಬಾಯಲ್ಲೆಲ್ಲ ಅವನು ಬೆಣ್ಣೆಗಾಲು. ಅವನ ಬಲಗಾಲು ಆಕ್ಸಿಲರೇಟರಿನ ಮೇಲೆ ಕೂತರೆ ಬೆಣ್ಣೆಯ ಮೇಲೆ ಬೆರಳಿಟ್ಟ ಹಾಗೆ, ಒತ್ತಿದ್ದೂ ತಿಳಿಯದು, ಬಿಟ್ಟಿದ್ದೂ ತಿಳಿಯದು ಎಂದು ಹಿಂದೆ ಇದ್ದ ಮೇಸ್ತ್ರಿಯೊಬ್ಬರು ಇಟ್ಟ ಹೆಸರು ಅದು. ಇಪ್ಪತ್ತಮೂರು ವರ್ಷ ಅವನು ಆ ಕಾಲಿನಿಂದಲೇ ಹೊಟ್ಟೆ ಹೊರೆದ.

ಅವನ ಕೆಲಸ ಏನೆಂದು ಹೊರಗಿನವರಿಗೆ ಹೇಳಿದರೆ ನಗುತ್ತಿದ್ದರು. ದಿನವಿಡೀ ಕಾರು ಓಡಿಸುವುದು, ಆದರೆ ಎಲ್ಲಿಗೂ ಹೋಗದಿರುವುದು. ಕಿಟಕಿಯಿಲ್ಲದ ಒಂದು ದೊಡ್ಡ ಕೋಣೆ. ಹೊರಗೆ ಬೆಂಕಿಯಂಥ ಬಿಸಿಲಿರಲಿ, ಕೊರೆಯುವ ಚಳಿಯಿರಲಿ, ಒಳಗೆ ಮಾತ್ರ ಯಾವಾಗಲೂ ಇಪ್ಪತ್ತೈದು ಡಿಗ್ರಿ. ನೆಲದಲ್ಲಿ ಹೂತಿಟ್ಟ ಉಕ್ಕಿನ ಉರುಳೆಗಳ ಮೇಲೆ ಕಾರಿನ ಚಕ್ರ ನಿಲ್ಲಿಸಿ, ಕಾರನ್ನು ಹಿಂದೆ ಮುಂದೆ ಸರಪಳಿಯಿಂದ ಬಿಗಿಯುತ್ತಿದ್ದರು. ಎದುರಿಗೆ ಆಳೆತ್ತರದ ಫ್ಯಾನು ಗಾಳಿ ಊದುತ್ತಿತ್ತು. ಹಿಂದೆ ಹೊಗೆಯ ಕೊಳವೆಗೆ ಇನ್ನೊಂದು ಕೊಳವೆ ಸಿಕ್ಕಿಸಿ, ಆ ಹೊಗೆಯನ್ನು ಅಳೆದು ಎಷ್ಟು ಡೀಸೆಲ್ ಉರಿಯಿತೆಂದು ಪಕ್ಕದ ಕೋಣೆಯ ಯಂತ್ರ ಹೇಳುತ್ತಿತ್ತು. ಚಾಲಕನ ಕಣ್ಣ ಮುಂದಿನ ಪರದೆಯಲ್ಲಿ ಒಂದು ಗೆರೆ ಏರುತ್ತ ಇಳಿಯುತ್ತ ಸಾಗುತ್ತಿತ್ತು. ಗೆರೆ ಏರಿದರೆ ವೇಗ ಹೆಚ್ಚಿಸಬೇಕು, ಇಳಿದರೆ ತಗ್ಗಿಸಬೇಕು. ಗೆರೆಯ ಆಚೀಚೆ ಒಂದೆರಡು ಕಿಲೋಮೀಟರ್ ವ್ಯತ್ಯಾಸವಾದರೆ ನಿಯಮ ಕ್ಷಮಿಸುತ್ತಿತ್ತು. ಬೆಣ್ಣೆಗಾಲಿನ ಕೈಚಳಕ, ಅಲ್ಲ, ಕಾಲ್ಚಳಕ ಇದ್ದದ್ದು ಆ ಒಂದೆರಡರಲ್ಲೇ. ಅವನು ಗೆರೆಯ ಕೆಳಗಿನ ಅಂಚನ್ನು ಹಿಡಿದು, ಒಮ್ಮೆಯೂ ಆಚೆ ಜಾರದೆ, ಹಗ್ಗದ ಮೇಲೆ ನಡೆಯುವವನಂತೆ ಇಪ್ಪತ್ತು ನಿಮಿಷ ಕಳೆಯಬಲ್ಲವನಾಗಿದ್ದ. ಅದೇ ಗಾಡಿಯನ್ನು ಬೇರೆಯವರು ಓಡಿಸಿದರೆ ಹತ್ತೊಂಬತ್ತು ಬಂದ ಕಡೆ ಇವನು ಓಡಿಸಿದರೆ ಇಪ್ಪತ್ತು ದಾಟುತ್ತಿತ್ತು.

ಇದರಲ್ಲಿ ಮೋಸ ಏನೂ ಇರಲಿಲ್ಲ. ಎಲ್ಲ ನಿಯಮದ ಪ್ರಕಾರವೇ ನಡೆಯುತ್ತಿತ್ತು. ಎಸಿ ಬಂದ್ ಇರಬೇಕು ಎಂದು ನಿಯಮವೇ ಹೇಳುತ್ತಿತ್ತು. ಗಾಡಿಯಲ್ಲಿ ಏಳು ಸೀಟಿದ್ದರೂ ತೂಕದ ಲೆಕ್ಕ ಹಿಡಿಯುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬ ಚಾಲಕನದು. ರಸ್ತೆಗುಬ್ಬು, ಸಿಗ್ನಲ್ಲು, ಅಡ್ಡ ಬರುವ ಎಮ್ಮೆ, ಹಿಂದಿನ ಸೀಟಿನ ಜಗಳ ಇವೆಲ್ಲ ಆ ಕೋಣೆಯೊಳಗೆ ಬರುವ ಪ್ರಶ್ನೆಯೇ ಇರಲಿಲ್ಲ.

ಕಾರ್ಖಾನೆ ಹೊಸದಾಗಿ ಏಳು ಸೀಟಿನ ಎಸ್‌ಯುವಿ ತಂದಾಗ ಬೆಣ್ಣೆಗಾಲು ಅದನ್ನು ಉರುಳೆಗಳ ಮೇಲೆ ಮೂರು ದಿನ ಓಡಿಸಿ, ಲೀಟರಿಗೆ ಇಪ್ಪತ್ತು ಪಾಯಿಂಟ್ ಎಂಟು ಕಿಲೋಮೀಟರ್ ತೆಗೆದುಕೊಟ್ಟ. ಅಷ್ಟು ದೊಡ್ಡ ಗಾಡಿಗೆ ಅಷ್ಟು ಮೈಲೇಜು ಎಂದರೆ ಮಾರಾಟದವರು ಕುಣಿದಾಡಿದರು. ಜಾಹೀರಾತಿಗೆ ನಟನಟಿಯರ ಬದಲು ಅವನನ್ನೇ ನಿಲ್ಲಿಸಿ ಫೋಟೊ ತೆಗೆದರು. ನೀಲಿ ಅಂಗಿ, ಬಾನೆಟ್ ಮೇಲೆ ಊರಿದ ಕೈ, ಕೆಳಗೆ ದಪ್ಪ ಅಕ್ಷರದಲ್ಲಿ 'ಇಪ್ಪತ್ತು ಪಾಯಿಂಟ್ ಎಂಟು. ನಾನೇ ಓಡಿಸಿ ನೋಡಿದ್ದೇನೆ' ಎಂಬ ಮಾತು. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಪ್ರಮಾಣಿತ ಪರೀಕ್ಷಾ ಸ್ಥಿತಿಯಲ್ಲಿ'. ಅವನ ತಾಯಿ ಆ ಪತ್ರಿಕೆಯ ಹಾಳೆಯನ್ನು ಕತ್ತರಿಸಿ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದಳು. ಬಾಗಿಲು ತೆರೆದಾಗೆಲ್ಲ ಮಗ ಕಾಣಲಿ ಎಂದು.

ತಾಯಿ ಇದ್ದದ್ದು ಅವನ ಅಕ್ಕನ ಮನೆಯಲ್ಲಿ. ಬೆಣ್ಣೆಗಾಲು ಮದುವೆಯಾಗಿರಲಿಲ್ಲ. ಕಾರ್ಖಾನೆಯ ಹತ್ತಿರ ಒಂದೂವರೆ ಕೋಣೆಯ ಬಾಡಿಗೆ ಮನೆ, ಕಂಪನಿ ಬಸ್ಸಿನಲ್ಲಿ ಹೋಗಿಬರುವುದು. ಇಷ್ಟು ವರ್ಷ ಕಾರಿನಲ್ಲೇ ಕೂತವನು ಸ್ವಂತಕ್ಕೊಂದು ಕಾರು ಇಟ್ಟುಕೊಂಡವನಲ್ಲ. ಭಾವನದು ಹೊಲಿಗೆ ಯಂತ್ರದ ರಿಪೇರಿ ಕೆಲಸ. ಸುತ್ತಲಿನ ಊರುಗಳ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಕೆಟ್ಟ ಯಂತ್ರಗಳನ್ನು ತಂದು, ಸರಿ ಮಾಡಿ, ತಿರುಗಿ ಒಯ್ದು ಕೊಡುತ್ತಿದ್ದ. ಯಂತ್ರ ಹೊರುವುದಕ್ಕೂ ಮನೆಮಂದಿ ಓಡಾಡುವುದಕ್ಕೂ ಒಂದೇ ಗಾಡಿ ಆಗಬೇಕೆಂದು ಅವನು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದ. ಒಂದು ಭಾನುವಾರ ಭಾವಮೈದನನ್ನು ಕೂರಿಸಿಕೊಂಡು ನೇರವಾಗಿಯೇ ಕೇಳಿದ.

"ನೋಡಪ್ಪಾ, ಅಂಗಡಿಯವನ ಮಾತು ನಂಬಲ್ಲ ನಾನು. ನೀನು ಹೇಳು. ಅಷ್ಟು ಕೊಡುತ್ತಾ?"

"ನಾನೇ ಓಡಿಸಿದ್ದು ಭಾವ."

"ಅದು ಗೊತ್ತು. ಕೊಡುತ್ತಾ ಅಂತ ಕೇಳಿದ್ದು."

ಉತ್ತರ ಬಾಯಿಯ ತನಕ ಬಂದಿತ್ತು. ರಸ್ತೆಯಲ್ಲಿ ಬೇರೆ, ಸ್ವಲ್ಪ ಕಮ್ಮಿ ಹಿಡಿದುಕೊಳ್ಳಿ ಎಂದು ಹೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ತಾಯಿ ಬಂದಳು. "ಪೇಪರಲ್ಲೇ ಹಾಕಿದಾರಲ್ಲ, ಇನ್ನೇನು ಕೇಳೋದು ಅವನನ್ನ?" ಎಂದು ಅಳಿಯನನ್ನೇ ತರಾಟೆಗೆ ತೆಗೆದುಕೊಂಡಳು. ಬೆಣ್ಣೆಗಾಲು ನಕ್ಕು, "ಕಾಲು ಮೆತ್ತಗಿದ್ರೆ ಕೊಡುತ್ತೆ ಭಾವ," ಎಂದ. ಭಾವನೂ ನಕ್ಕ. "ಸರಿ ಹಾಗಾದ್ರೆ, ನಿನ್ನ ಕಾಲಿನ ಮೇಲೆ ಭಾರ ಹಾಕ್ತೀನಿ."

ಬಿಳಿ ಬಣ್ಣದ ಗಾಡಿ ಮನೆಗೆ ಬಂತು. ಮೊದಲ ತಿಂಗಳು ಎಲ್ಲರ ಬಾಯಲ್ಲೂ ಅದರದೇ ಮಾತು. ಎರಡನೆಯ ತಿಂಗಳು ಭಾವನ ಫೋನು ಬಂತು.

"ಹನ್ನೊಂದು ಬರ್ತಿದೆ ಕಣಯ್ಯಾ."

"ಹೊಸ ಇಂಜಿನ್ನು ಭಾವ. ಸ್ವಲ್ಪ ಓಡಲಿ."

ಮೂರನೆಯ ತಿಂಗಳು ಹನ್ನೊಂದೂವರೆ. ಟೈರಿನ ಗಾಳಿ ನೋಡಿಸಿ ಎಂದ. ಐದನೆಯ ತಿಂಗಳು ಹನ್ನೆರಡು, ಅದೂ ಹೆದ್ದಾರಿಯಲ್ಲಿ ಒಂದು ವಾರ ತಿರುಗಾಡಿದ್ದಕ್ಕೆ. ಇಪ್ಪತ್ತನ್ನು ನಂಬಿ ದೂರದ ಕಾರ್ಖಾನೆಗಳ ಕೆಲಸ ಒಪ್ಪಿಕೊಂಡಿದ್ದ ಭಾವ ಒಂದೊಂದಾಗಿ ಬಿಡತೊಡಗಿದ. ಹೋಗಿಬರುವ ಡೀಸೆಲ್ಲಿಗೇ ರಿಪೇರಿಯ ಕೂಲಿ ಸಾಕಾಗುತ್ತಿರಲಿಲ್ಲ. ಅಕ್ಕನ ಮನೆಯ ಊಟದ ಹೊತ್ತಿನ ಮಾತಿನಲ್ಲಿ ಚುಚ್ಚು ಶುರುವಾಯಿತು. "ಜಾಹೀರಾತಿನ ಹೀರೋ ಬಂದ ನೋಡ್ರಿ" ಎಂದು ಭಾವ ನಗುತ್ತಲೇ ಅಂದರೂ, ಆ ನಗು ಒಳಗಿನಿಂದ ಬಂದದ್ದಲ್ಲ ಎಂಬುದು ಬೆಣ್ಣೆಗಾಲಿಗೆ ತಿಳಿಯದ್ದೇನಲ್ಲ. ಅಕ್ಕ ಯಾರ ಕಡೆಯೂ ಸೇರದೆ ಪಾತ್ರೆ ಸದ್ದು ಮಾಡುತ್ತಿದ್ದಳು.

ಒಂದು ದಿನ ಭಾವ ಅಂದೇಬಿಟ್ಟ. "ನೀನು ಕಂಪನಿಯವನು. ಕಂಪನಿ ಹೇಳು ಅಂದದ್ದನ್ನ ಹೇಳಿದೆ. ಅದಕ್ಕೆ ನನಗೆ ಬೇಜಾರಿಲ್ಲ. ಮನೆಯವರಿಗೂ ಅದನ್ನೇ ಹೇಳಿದೆಯಲ್ಲ."

ಬೆಣ್ಣೆಗಾಲಿನ ಮುಖ ಕೆಂಪಾಯಿತು. ಸುಳ್ಳುಗಾರ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಆ ಮಾತು ಅವನ ಕಾಲನ್ನೇ ಅನುಮಾನಿಸಿದಂತಿತ್ತು. "ಗಾಡೀದು ತಪ್ಪಲ್ಲ ಭಾವ, ಓಡಿಸೋರ ತಪ್ಪು," ಎಂದ. "ನಾನು ಓಡಿಸಿ ತೋರಿಸ್ತೀನಿ. ಅಮ್ಮನ್ನ ಕಣ್ಣಿನ ಆಸ್ಪತ್ರೆಗೆ ಕರಕೊಂಡು ಹೋಗಬೇಕಲ್ಲ, ಆವತ್ತು. ಟ್ಯಾಂಕು ಬಾಯಿ ತನಕ ತುಂಬಿಸಿ ಹೊರಡೋಣ, ಬಂದು ಬಾಯಿ ತನಕ ತುಂಬಿಸೋಣ. ಹಿಡಿದ ಡೀಸೆಲ್ಲು ಎಷ್ಟು ಅಂತ ಎಲ್ಲರೂ ನೋಡಲಿ."

ಹಾಗೆ ಒಂದು ಬೇಸಿಗೆಯ ಬೆಳಗ್ಗೆ ಐವರೂ ಹೊರಟರು. ಅವನು, ಭಾವ, ಅಕ್ಕ, ತಾಯಿ, ಅಕ್ಕನ ಮಗಳಾದ ಹನ್ನೆರಡು ವರ್ಷದ ಸೊಸೆ. ಹೊರಡುವ ಮುನ್ನ ಬೆಣ್ಣೆಗಾಲು ಹಿಂದಿನ ಎರಡು ಹೊಲಿಗೆ ಯಂತ್ರಗಳನ್ನು ಇಳಿಸಿದ. ಸ್ಟೆಪ್ನಿಯನ್ನೂ ಬಿಚ್ಚಿದ.

"ಸ್ಟೆಪ್ನಿ ಬಿಟ್ಟು ಹೋಗೋದಾ? ದಾರೀಲಿ ಪಂಕ್ಚರ್ ಆದ್ರೆ ನಿನ್ನ ಕಾಲು ಸಿಕ್ಕಿಸ್ತೀಯಾ?" ಎಂದ ಭಾವ.

"ಕಾಲು ಸಿಕ್ಕಿಸಿದ್ರೂ ಕಾಲು ಲೀಟರ್ ಉಳಿಯುತ್ತೆ ನೋಡಿ ಭಾವ," ಎಂದು ಇವನೂ ನಗಿಸಿದ. ಟೈರಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಹಾಕಿಸಿದ. ಎಸಿ ಬಂದ್ ಮಾಡಿದ. ಕಿಟಕಿ ತೆರೆದರೆ ನುಗ್ಗಿದ ಗಾಳಿ ಗಾಡಿಯನ್ನು ಹಿಂದಕ್ಕೆ ಹಿಡಿದೆಳೆಯುತ್ತದೆಂದು ನಾಲ್ಕೂ ಕಿಟಕಿ ಏರಿಸಿದ. ಐವತ್ತೈದರ ಮೇಲೆ ಮುಳ್ಳು ಹೋಗಗೊಡಲಿಲ್ಲ. ಹಿಂದೆ ಲಾರಿಗಳು ಹಾರ್ನು ಹೊಡೆದು ಹೊಡೆದು, ಬೈದು, ದಾಟಿ ಹೋದವು. ಸೊಸೆ ಲಾರಿಯವರಿಗೆ ಕೈ ಬೀಸಿದಳು.

ಹೋಗುವಾಗ ಬೆಳಗಿನ ತಂಪು ಇನ್ನೂ ಇತ್ತು. ಆಸ್ಪತ್ರೆಯ ಊರು ಮುಟ್ಟುವಾಗ ಗಾಡಿಯ ಪರದೆ ಹದಿನೆಂಟು ಪಾಯಿಂಟ್ ಎರಡು ತೋರಿಸಿತು. ಭಾವ ಹುಬ್ಬೇರಿಸಿ, "ಪರವಾಗಿಲ್ಲಯ್ಯ," ಎಂದ. ಆ ಒಂದು ಮಾತಿಗೆ ಬೆಣ್ಣೆಗಾಲಿನ ಹೊಟ್ಟೆ ತುಂಬಿಹೋಯಿತು. ಕಣ್ಣಿನ ಡಾಕ್ಟರು ತಾಯಿಯ ಕಣ್ಣಿಗೆ ಔಷಧಿ ಬಿಟ್ಟು, ಪರೀಕ್ಷೆ ಮಾಡಿ, ಕಪ್ಪು ಕನ್ನಡಕ ಕೊಟ್ಟು ಕಳಿಸುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ.

ಹಿಂದಿರುಗುವ ದಾರಿ ಏರು. ಬಿಸಿಲು ನೆತ್ತಿಯಿಂದ ಇಳಿದು ಎದುರಿನ ಗಾಜಿಗೇ ಹೊಡೆಯುತ್ತಿತ್ತು. ಸೀಟಿಗೆ ಬೆನ್ನು ಅಂಟಿಕೊಂಡಿತು. ಪರದೆಯ ಅಂಕಿ ಹದಿನೆಂಟರಿಂದ ಕೆಳಗಿಳಿಯಿತು. ಹದಿನೇಳು ಪಾಯಿಂಟ್ ಒಂಬತ್ತು, ಏಳು, ಆರು. ಬೆಣ್ಣೆಗಾಲು ಅದನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅಕ್ಕ ಎರಡು ಸಲ ಕೇಳಿದಳು. "ಎಸಿ ಹಾಕೋ, ಬೇಯ್ತಾ ಇದೀವಿ."

"ಇಷ್ಟು ದೂರ ಬಂದು ಈಗ ಹಾಕಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ ಅಕ್ಕ. ಸ್ವಲ್ಪ ತಡ್ಕೋ."

ಸ್ವಲ್ಪ ಹೊತ್ತಿಗೆ ತಾಯಿಯ ದನಿ. "ಮಗಾ, ಕಿಟಕಿ ಒಂಚೂರು ಇಳಿಸಲಾ?"

"ಇನ್ನೊಂದು ಹದಿನೈದು ಕಿಲೋಮೀಟರ್ ಅಮ್ಮ. ಅಷ್ಟೇ."

ಅಕ್ಕ ಸಿಡುಕಿ ಕಿಟಕಿಯ ಗುಂಡಿಗೆ ಕೈ ಹಾಕಿದಳು. ತಾಯಿಯೇ ಅವಳ ಕೈ ಹಿಡಿದಳು. "ಸುಮ್ನಿರೇ. ಅವನ ಕೆಲಸ ಅವನಿಗೆ ಗೊತ್ತು."

ಆಮೇಲೆ ತಾಯಿ ಮಾತಾಡಲಿಲ್ಲ. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ತಿಳಿಯುತ್ತಿರಲಿಲ್ಲ. ನಿದ್ದೆ ಹೋಗಿರಬೇಕೆಂದು ಎಲ್ಲರೂ ಅಂದುಕೊಂಡರು. ಅಜ್ಜಿಗೆ ಒರಗಿ ಕೂತಿದ್ದ ಸೊಸೆ ಒಂದು ಸಲ ಹೇಳಿದಳು. "ಮಾಮ, ನಾವೆಲ್ಲ ಇಷ್ಟು ಬೆವರ್ತಾ ಇದೀವಿ, ಅಜ್ಜಿ ಬೆವರ್ತಾನೇ ಇಲ್ಲ. ಕೈ ಒಣಗಿಕೊಂಡು ಬಿಸಿಬಿಸಿ ಇದೆ."

"ಅಜ್ಜಿ ಹಳೇ ಕಾಲದ ಮೈ, ಗಟ್ಟಿ," ಎಂದ ಬೆಣ್ಣೆಗಾಲು, ಪರದೆಯಿಂದ ಕಣ್ಣು ತೆಗೆಯದೆ.

ಮನೆಯ ಹತ್ತಿರದ ಪೆಟ್ರೋಲ್ ಬಂಕು ಬಂತು. ಬೆಳಗ್ಗೆ ಟ್ಯಾಂಕು ತುಂಬಿಸಿದ ಜಾಗದಲ್ಲೇ, ಅದೇ ಪಂಪಿನ ಎದುರು ನಿಲ್ಲಿಸಿ, ಇಳಿದು, ಬಂಕಿನವನ ಪಕ್ಕದಲ್ಲೇ ನಿಂತ. ಡೀಸೆಲ್ಲು ಟ್ಯಾಂಕಿನ ಬಾಯಿಗೆ ಬಂದಾಗ ಮೀಟರಿನಲ್ಲಿ ಆರು ಪಾಯಿಂಟ್ ಒಂಬತ್ತು ಲೀಟರ್. ಓಡಿದ್ದು ನೂರ ಹದಿನೆಂಟು. ಅವನ ತಲೆ ಭಾಗಾಕಾರ ಮಾಡಿತು. ಹದಿನೇಳು ಪಾಯಿಂಟ್ ಒಂದು. ಇಪ್ಪತ್ತು ಅಲ್ಲ, ಆದರೆ ಹನ್ನೊಂದೂ ಅಲ್ಲ. ಭಾವನ ಎದುರು ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದಾಗ ಅಕ್ಕನ ಕಿರುಚಾಟ ಕೇಳಿತು. ತಾಯಿಯ ಕಡೆಯ ಬಾಗಿಲು ತೆಗೆದದ್ದೇ ತಡ, ಅವಳು ಹೊರಗೆ ವಾಲಿ ಅಕ್ಕನ ತೋಳಿಗೆ ಬಿದ್ದಿದ್ದಳು.

ಮುಂದೆ ಎಷ್ಟೋ ತಿಂಗಳು ಅವನನ್ನು ಕೊರೆದದ್ದು ಆ ಕೆಲವು ಗಳಿಗೆ. ಕಿರುಚಿದ್ದು ಕಿವಿಗೆ ಬಿದ್ದಾಗಲೂ ಮೊದಲು ಭಾಗಾಕಾರವನ್ನು ಇನ್ನೊಮ್ಮೆ ಸರಿನೋಡಿ, ಆಮೇಲೆ ತಿರುಗಿದ್ದ. ಅದು ಯಾರಿಗೂ ಗೊತ್ತಿಲ್ಲ, ಅವನಿಗೆ ಮಾತ್ರ ಗೊತ್ತು.

ಭಾವ ಕೀಲಿ ಕಿತ್ತುಕೊಂಡು ತಾನೇ ಕೂತ. ಎಸಿಯನ್ನು ಪೂರ್ತಿ ತಿರುಗಿಸಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ, ಸಿಗ್ನಲ್ಲು ಗಿಗ್ನಲ್ಲು ನೋಡದೆ ಆಸ್ಪತ್ರೆಗೆ ನುಗ್ಗಿಸಿದ. ಹಿಂದಿನ ಸೀಟಿನಲ್ಲಿ ಬೆಣ್ಣೆಗಾಲು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಇದನ್ನು ಒಂದು ಗಂಟೆ ಮೊದಲು ಮಾಡಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಬಿಸಿಲ ಹೊಡೆತ ಎಂದರು ಡಾಕ್ಟರು. ಬೆವರು ನಿಂತಾಗಲೇ ಗಾಡಿ ನಿಲ್ಲಿಸಿ ತಣ್ಣೀರು ಹಾಕಬೇಕಿತ್ತು, ಗಾಜು ಇಳಿಸಿರಲಿಲ್ಲವೇ ಎಂದು ಕೇಳಿದರು. ಆರು ದಿನದ ಮೇಲೆ ತಾಯಿ ಮನೆಗೆ ಬಂದಳು, ಆದರೆ ಮೊದಲಿನ ತಾಯಿಯಾಗಿ ಬರಲಿಲ್ಲ. ಮೂತ್ರಪಿಂಡ ಸೋತಿತ್ತು. ಮಾತು ಅರ್ಧಕ್ಕೆ ಬಿಟ್ಟು ಏನು ಹೇಳುತ್ತಿದ್ದೆ ಎಂದು ಮಗಳನ್ನೇ ಕೇಳುತ್ತಿದ್ದಳು. ಮಗ ನೋಡಲು ಬಂದಾಗ ಮಾತ್ರ ತಪ್ಪದೆ ಒಂದು ಪ್ರಶ್ನೆ. "ಎಷ್ಟು ಬಂತು ಮಗಾ ಕೊನೆಗೆ?"

ಅವನು ತಲೆ ತಗ್ಗಿಸಿ ಕೂರುತ್ತಿದ್ದ. ಒಂದು ಸಲ ಅಕ್ಕ ಅಡುಗೆಮನೆಯಿಂದ ಬಂದು ನಿಂತು, "ಹೇಳೋ," ಎಂದಳು. "ಕೇಳ್ತಾ ಇದಾಳಲ್ಲ. ಹೇಳು. ಅಷ್ಟು ಕಷ್ಟಪಟ್ಟು ತೆಗೆದಿದ್ದೀಯಲ್ಲ."

"ಹದಿನೇಳು ಅಮ್ಮ."

"ಒಳ್ಳೇದಾಯ್ತು," ಎಂದಳು ತಾಯಿ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಇತ್ತ ಕಾರ್ಖಾನೆಯಲ್ಲಿ ಅವನು ಮೊದಲ ಬಾರಿಗೆ ಮೇಲಿನವರ ಎದುರು ಬಾಯಿ ಬಿಟ್ಟ. ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ರಸ್ತೆಯಲ್ಲಿ ಆ ಅಂಕಿ ಬರುವುದಿಲ್ಲ, ಮನೆಮಂದಿ ಕೂತು ಎಸಿ ಹಾಕಿದರೆ ಹನ್ನೊಂದು ಹನ್ನೆರಡು, ಅದನ್ನೂ ಜಾಹೀರಾತಿನಲ್ಲಿ ಬರೆಯಬೇಕು ಎಂದ.

"ರಸ್ತೆ ನಾವು ಮಾಡಿದ್ದೇನ್ರೀ?" ಎಂದರು ಮುಖ್ಯಸ್ಥರು. "ಬಿಸಿಲು ನಾವು ಮಾಡಿದ್ದಾ? ನಿಯಮ ಹೇಳಿದ ಹಾಗೆ ಅಳೀತೀವಿ, ಬಂದದ್ದನ್ನ ಹಾಕ್ತೀವಿ. ಅಳತೆ ನಿಮ್ಮದೇ ಕಾಲಿಂದು. ನಿಮಗೇ ನಂಬಿಕೆ ಇಲ್ಲ ಅಂದ್ರೆ ಹೇಗೆ?"

ಅವರು ಕೆಟ್ಟವರೇನಲ್ಲ. ತಾಯಿಯ ವಿಷಯ ಕೇಳಿ ನಾಲ್ಕು ದಿನ ರಜೆ ಕೊಟ್ಟರು. ರಜೆ ಮುಗಿಸಿ ಬರುವ ಹೊತ್ತಿಗೆ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಬಂದಿಳಿದಿತ್ತು. ಅದರಲ್ಲಿ ಚಾಲಕನ ಸೀಟಿನ ಮೇಲೆ ಕೂರಿಸುವ ಯಂತ್ರವಿತ್ತು. ತಲೆಯಿಲ್ಲ, ಮೈಯಿಲ್ಲ, ಪೆಡಲು ಒತ್ತಲು ಮೂರು ಉಕ್ಕಿನ ಕಾಲು ಅಷ್ಟೇ. ಎರಡು ವಾರ ಬೆಣ್ಣೆಗಾಲಿನ ಬೂಟಿಗೆ ತಂತಿ ಅಂಟಿಸಿ, ಅವನು ಎಲ್ಲಿ ಎಷ್ಟು ಒತ್ತುತ್ತಾನೆ, ಎಲ್ಲಿ ಬಿಡುತ್ತಾನೆ ಎಂಬುದನ್ನೆಲ್ಲ ಇಂಜಿನಿಯರುಗಳು ಆ ಯಂತ್ರಕ್ಕೆ ಕಲಿಸಿದರು. ಕಲಿತ ಮೇಲೆ ಅದು ಅದೇ ಎಸ್‌ಯುವಿಯಲ್ಲಿ ಇಪ್ಪತ್ತೊಂದು ಪಾಯಿಂಟ್ ಒಂದು ತೆಗೆಯಿತು. ಇಂಜಿನಿಯರುಗಳು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಬೆಣ್ಣೆಗಾಲಿಗೂ ತಟ್ಟಬೇಕಾಯಿತು.

ಅವನನ್ನು ಗ್ರಾಹಕರ ದೂರು ಕೇಳುವ ಫೋನಿನ ಮೇಜಿಗೆ ಹಾಕಿದರು. ಮೈಲೇಜಿನ ವಿಷಯ ಇವನಷ್ಟು ಚೆನ್ನಾಗಿ ಯಾರು ಹೇಳಿಯಾರು ಎಂಬ ಕಾರಣ ಕೊಟ್ಟರು. ಎದುರಿಗೆ ಅಚ್ಚು ಹಾಕಿದ ಹಾಳೆ. ದಯವಿಟ್ಟು ನಿಧಾನವಾಗಿ ಓಡಿಸಿ. ಅನಗತ್ಯ ತೂಕ ತೆಗೆಯಿರಿ. ಸಾಧ್ಯವಾದಾಗ ಎಸಿ ಬಂದ್ ಮಾಡಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಕಿವಿಗೆ ಫೋನು. ಕರೆ ಮಾಡಿದವರು ಬೈಯುತ್ತಿದ್ದರು, ಕೆಲವರು ಅಳುತ್ತಿದ್ದರು, ಒಬ್ಬ ಮೇಷ್ಟ್ರಂತೂ ಹತ್ತು ತಿಂಗಳ ಅಂಕಿಗಳನ್ನು ಓದಿಯೇ ಓದಿದರು. ಇವನು ಹಾಳೆ ಓದುತ್ತಿದ್ದ. ಮೂರನೆಯ ಸಾಲಿಗೆ ಬಂದಾಗ ಅದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರುತ್ತಿದ್ದ.

ತಾಯಿ ಏಳು ತಿಂಗಳು ಬದುಕಿದಳು. ವಯಸ್ಸಾಗಿತ್ತು, ಒಂದಲ್ಲ ಒಂದು ದಿನ ಹೋಗುವವಳೇ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಅಕ್ಕನೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಒಂದು ರೀತಿ ಹಗುರಾಗುತ್ತಿತ್ತು. ಅವಳು ಅವನಿಗೂ ಊಟ ಬಡಿಸಿದಳು, ನೀರು ಕೊಟ್ಟಳು, ಹೊರಡುವಾಗ ಬಾಗಿಲ ತನಕ ಬಂದಳು. ಮೊದಲಿನಂತೆ "ಮತ್ತೆ ಯಾವಾಗ ಬರ್ತೀಯಾ?" ಎಂದು ಮಾತ್ರ ಕೇಳಲಿಲ್ಲ.

ಅದಾದ ಮೇಲೆ ಫೋನಿನ ಮೇಜಿನಲ್ಲಿ ಅವನು ಹಾಳೆ ಮಡಚಿಟ್ಟ. ಯಾರು ಕೇಳಿದರೂ ಒಂದೇ ಮಾತು. "ಮನೆಮಂದಿ ಕೂತು ಎಸಿ ಹಾಕಿದ್ರೆ ಹನ್ನೊಂದೇ ಬರೋದು ಸಾರ್. ನಿಮ್ಮ ಗಾಡಿ ಕೆಟ್ಟಿಲ್ಲ, ನೀವು ಓಡಿಸೋದೂ ತಪ್ಪಲ್ಲ. ಎಸಿ ಹಾಕ್ಕೊಳ್ಳಿ." ಐದು ವಾರ ಹೀಗೆ ಹೇಳಿದ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆಂದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆರನೆಯ ವಾರ ಕರೆಸಿ, ಹೆಚ್ಚು ಗಲಾಟೆಯಿಲ್ಲದೆ, ಸ್ವಯಂ ನಿವೃತ್ತಿಯ ಕಾಗದ ಮುಂದಿಟ್ಟರು. ಸಹಿ ಹಾಕಿದ. ಜಾಹೀರಾತು ಮಾತ್ರ ಇನ್ನೂ ಎರಡು ವರ್ಷ ಓಡಿತು. ಬಸ್ ನಿಲ್ದಾಣದ ಗೋಡೆಯ ಮೇಲೆ ಅವನೇ ನಿಂತಿದ್ದ, ಬಾನೆಟ್ ಮೇಲೆ ಕೈಯೂರಿ. ಕೆಳಗಿನ ಅಂಕಿಯ ಮೇಲೆ ಇಪ್ಪತ್ತೊಂದು ಪಾಯಿಂಟ್ ಒಂದು ಎಂದು ಹೊಸ ಚೀಟಿ ಅಂಟಿಸಿದ್ದರು. ಆ ಅಂಕಿಯನ್ನು ಅವನು ಓಡಿಸಿ ನೋಡಿರಲೇ ಇಲ್ಲ.

ಭಾವ ಮೂರನೆಯ ವರ್ಷಕ್ಕೆ ಗಾಡಿ ಮಾರಿಬಿಟ್ಟ. ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಂಡ. ಒಂದು ಮಧ್ಯಾಹ್ನ, ಎಷ್ಟೋ ತಿಂಗಳ ಮೇಲೆ, ಅಕ್ಕ ತಾನಾಗಿ ಫೋನು ಮಾಡಿದಳು.

"ಇವರು ಒಂದು ಸಣ್ಣ ಗಾಡಿ ನೋಡ್ತಾ ಇದಾರೆ. ಯಂತ್ರ ಸಾಗಿಸೋಕೆ. ಅಂಗಡಿಯವನು ಹದಿನೆಂಟು ಅಂತಾನೆ. ನಿನ್ನ ಕೇಳು ಅಂದ್ರು." ಕೂಡಲೇ, "ಅವರು ಅಂದದ್ದು. ನಾನಲ್ಲ," ಎಂದಳು.

"ನನಗೆ ಗೊತ್ತಿಲ್ಲ ಅಕ್ಕ. ಓಡಿಸಿದೋರನ್ನ ಕೇಳಬೇಕು. ಇಬ್ಬರು ಮೂವರನ್ನ ಕೇಳಿ."

ಕಟ್ಟಾಯಿತೇನೋ ಎಂದು ಅವನು ಫೋನು ಕಿವಿಯಿಂದ ತೆಗೆದು ನೋಡಿದ. ಕಟ್ಟಾಗಿರಲಿಲ್ಲ.

"ಈ ಮಾತು ಹೇಳೋಕೆ ಆವತ್ತು ನಿನಗೇನಾಗಿತ್ತೋ?" ಎಂದಳು ಅಕ್ಕ. ಕೋಪವಿರಲಿಲ್ಲ, ಬರೀ ಆಯಾಸವಿತ್ತು. ಅವನು ಬಾಯಿ ತೆರೆಯುವ ಮುಂಚೆಯೇ ಫೋನು ಇಟ್ಟಳು.

ಆಮೇಲೆ ಅವಳು ಮಾಡಲಿಲ್ಲ. ಅವನು ಒಂದೆರಡು ಸಲ ಮಾಡಿದ. ಸೊಸೆ ಎತ್ತಿ, "ಅಮ್ಮ ಹೊರಗೆ ಹೋಗಿದಾರೆ ಮಾಮ," ಎಂದಳು. ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿಸುತ್ತಿತ್ತು.